ಯಾರದ್ದೋ ರಿಪೋರ್ಟು

ಶಿವಮೊಗ್ಗದ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದ ದುರ್ಗಮ್ಮನಿಗೆ ತನ್ನ ಮೊಣಕಾಲಿನ ನೋವೇ ಮರೆತುಹೋಗಿತ್ತು. ಎದುರು ಬೆಂಚಿನಲ್ಲಿ ಕಾಗದನಗರದ ಬಸವರಾಜೇಶ್ವರಿಗೂ ಅವರ ಸೊಸೆ ಸ್ಪಂದನಾಳಿಗೂ ಸಣ್ಣಗೆ ಜಟಾಪಟಿ ನಡೆದಿತ್ತು.

“ಅತ್ತೆ, ಮತ್ತೆ ಎಲ್ಲಿಗೆ ಎದ್ರಿ?”

“ಆ ಕೈಗೆ ಪಟ್ಟಿ ಕಟ್ಟಿಸ್ಕೊಂಡಿರೋರನ್ನ ಮಾತಾಡಿಸಿ ಬರ್ತೀನಿ. ಬೈಕಿಂದ ಬಿದ್ರೋ ಮೆಟ್ಟಿಲಿಂದ ಬಿದ್ರೋ ಗೊತ್ತಾಗ್ಲಿಲ್ಲ.”

“ಅವರು ನಿಮಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ. ನಮ್ಮೋರ ಕಷ್ಟ ಆದ್ರೆ ಅಳು ಬರ್ತದೆ ಮಾರಾಯ್ತಿ. ಬೇರೆಯವರದ್ದಾದ್ರೆ ಆರಾಮಾಗಿ ಕೂತು ಕೇಳ್ಬಹುದು.”

“ಬೆಳಗಿಂದ ಎರಡು ಮೂಳೆ ಮುರಿತ, ಒಂದು ಹರ್ನಿಯಾ, ಒಂದು ಡೈವೋರ್ಸು ಕೇಳಿದೀರಿ. ಸಾಕಾಗ್ಲಿಲ್ವಾ?”

“ಡೈವೋರ್ಸು ಅರ್ಧಕ್ಕೇ ನಿಂತೋಯ್ತು. ಆಯಮ್ಮನ್ನ ಎಕ್ಸ್‌ರೇಗೆ ಕರೆದುಬಿಟ್ರು.”

“ನಿಮ್ಮ ಕುತ್ತಿಗೆ ಗಂಟಿನ ರಿಪೋರ್ಟು ಇವತ್ತು ಬರೋದು. ಅದರ ಯೋಚನೆ ಇದೆಯಾ ನಿಮಗೆ?”

ಬಸವರಾಜೇಶ್ವರಿ ಸೆರಗನ್ನು ಕುತ್ತಿಗೆಗೆ ಎಳೆದುಕೊಂಡರು.

“ಅದಕ್ಕೇ ಅಲ್ವೇನೇ ಊರೋರದ್ದೆಲ್ಲ ಕೇಳ್ತಿರೋದು? ಅಷ್ಟು ಹೊತ್ತು ನಂದು ನೆನಪಾಗಲ್ಲ.”

ಅಷ್ಟರಲ್ಲಿ ನರ್ಸು ಅವರ ಹೆಸರು ಕೂಗಿದಳು.

“ಏಳಿ ಅತ್ತೆ.”

“ನೀನೇ ಹೋಗಿ ಕೇಳ್ಕೊಂಡು ಬಾ. ಬಂದು, ಓಲ್ಡ್ ಟೌನಿನ ಯಾವಳದ್ದೋ ರಿಪೋರ್ಟು ಅಂತ ನಂಗೆ ಹೇಳು. ಪೂರ್ತಿ ಕೇಳ್ತೀನಿ.”

ಸ್ಪಂದನಾ ಅತ್ತೆಯ ರಟ್ಟೆ ಹಿಡಿದಳು.

“ಆ ಓಲ್ಡ್ ಟೌನಿನವಳಿಗೆ ಏನಾಗಿದೆ ಅಂತ ಇಬ್ಬರೂ ಹೋಗಿ ಕೇಳ್ಕೊಂಡು ಬರೋಣ, ಬನ್ನಿ.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.

ಪಕ್ಕದ ಕೋಣೆಯಿಂದ ದುರ್ಗಮ್ಮನನ್ನು ಕರೆದರು. ಅವಳು ಹಿಂದೆ ಕೂತಿದ್ದವರತ್ತ ತಿರುಗಿ, “ನೀವೇ ಮೊದಲು ಹೋಗಿ, ನಂಗೇನೂ ಅವಸರ ಇಲ್ಲ” ಎಂದು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಳು.