ಕೆಂಪು ಕಾರಿಗೆ ಅಕ್ಕನ ಬಣ್ಣ

ಹಲ್ಲಿನ ಡಾಕ್ಟರರ ಹೊರಕೋಣೆಯಲ್ಲಿ ದವಡೆ ಹಿಡಿದು ಕೂತಿದ್ದ ಟೈಲರಮ್ಮನಿಗೆ ಪಕ್ಕದ ಬೆಂಚಿನ ಮಾತು ಕೇಳಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಅರವತ್ತರ ಗಂಡಸೊಬ್ಬ ಫೋನಿನಲ್ಲಿ ಯಾರನ್ನೋ ದಬಾಯಿಸುತ್ತಿದ್ದ.

"ಆಟದ ಕಾರಿಗೆ ಹಳೇ ಬಣ್ಣವೇ ಜೀವ ಕಣಯ್ಯಾ. ಮೇಲೆ ಹೊಸದು ಬಳಿದ್ರೆ ಗುಜರಿಗೇ ಲಾಯಕ್ಕು. ನಾನಂತೂ ಮುಟ್ಟಲ್ಲ."

ಅಷ್ಟರಲ್ಲಿ ಅವನ ಅಕ್ಕ ಏದುಸಿರು ಬಿಡುತ್ತ ಬಂದು, ಕರವಸ್ತ್ರದ ಗಂಟೊಂದನ್ನು ಅವನ ತೊಡೆಯ ಮೇಲಿಟ್ಟಳು.

"ಬೀರು ತುಂಬ ಇನ್ನೂರು ಕಾರಿದ್ರೂ ಇದೊಂದಿಲ್ಲ ಅಂತ ನಲವತ್ತು ವರ್ಷ ನನ್ನ ತಲೆ ತಿಂದ್ಯಲ್ಲ, ತಗೋ."

"ನನ್ನ ಕೆಂಪು ಕಾರಾ? ಎಲ್ಲಿತ್ತಕ್ಕಾ?"

"ಅಮ್ಮನ ಹೊಲಿಗೆ ಮಷಿನ್ನಿನ ಡ್ರಾಯರ್ ಹಿಂದೆ ಸಿಕ್ಕಿಹಾಕ್ಕೊಂಡಿತ್ತು."

ಗಂಟು ಬಿಚ್ಚಿದರೆ ಕಾರು ತೊಳೆದಿಟ್ಟ ಟೊಮೇಟೊ ಹಣ್ಣಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಟೈಲರಮ್ಮ ಹಲ್ಲುನೋವು ಮರೆತಳು.

"ಅಕ್ಕಾ, ಬಣ್ಣ..."

"ಅಲ್ಲಲ್ಲಿ ಎದ್ದುಹೋಗಿತ್ತು ಕಣೋ. ಎಲ್ಲಾ ಕೆರೆದು, ತಿಕ್ಕಿ, ಉಗುರುಬಣ್ಣ ಹಚ್ಚಿದೆ. ಮೂರು ಸಲ!"

"ಮೂರು ಸಲ."

"ಯಾಕೋ, ಚೆನ್ನಾಗಿಲ್ವಾ?"

ಅವನು ಕಾರನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೆಂಪು ಮೆತ್ತಿದ ಅಕ್ಕನ ಬೆರಳುಗಳನ್ನು ನೋಡಿದ.

"ಆ ಶೀಶೆಯಲ್ಲಿ ಇನ್ನೂ ಸ್ವಲ್ಪ ಉಳಿದಿದ್ಯಾ?"

"ಇದೆ. ಯಾಕೆ?"

"ಈ ಬಾಗಿಲ ಹತ್ರ ಒಂಚೂರು ಬಿಟ್ಟುಹೋಗಿದೆ. ಸಂಜೆ ಬರ್ತೀನಿ, ಇಬ್ಬರೂ ಕೂತು ಹಚ್ಚೋಣ."

ಒಳಗಿನಿಂದ ಕರೆ ಬಂತು. ಅಕ್ಕ ಕಾರಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ; ಮುಷ್ಟಿಯಲ್ಲಿ ಹಿಡಿದುಕೊಂಡೇ ಹಲ್ಲು ಕೀಳಿಸಿಕೊಳ್ಳಲು ಒಳಗೆ ಹೋದ.