ಹದಿನೆಂಟು ಕಿಲೋಮೀಟರಿನ ಒಳಗೆ

ಅಧ್ಯಕ್ಷತೆ ವಹಿಸಿರುವ ಮಾನ್ಯ ತಹಶೀಲ್ದಾರ್ ಸಾಹೇಬರೇ, ಅತಿಥಿಗಳಾಗಿ ಬಂದಿರುವ ತಾಲ್ಲೂಕು ಪಂಚಾಯಿತಿ ಸದಸ್ಯರೇ, ಸರ್ವೆ ಶಾಖೆಯ ನನ್ನ ಸಹೋದ್ಯೋಗಿಗಳೇ, ಹೊಲದ ಕೆಲಸ ಬಿಟ್ಟು ಆನೇಕಲ್ಲಿನವರೆಗೂ ಬಂದಿರುವ ರೈತ ಬಾಂಧವರೇ, ಸಭಿಕರೇ,

ನಿಮಗೆಲ್ಲ ಈ ಪರಮಾನಂದನ ವಂದನೆಗಳು. ಮೂವತ್ತೊಂದು ವರ್ಷ ಇನ್ನೊಬ್ಬರ ಜಮೀನು ಅಳೆದ ನಾನು ಇವತ್ತು ನಿವೃತ್ತನಾಗುತ್ತಿದ್ದೇನೆ. ನನ್ನ ಸ್ವಂತ ಸೈಟು ಎರಡಡಿ ಕಡಿಮೆ ಇದೆ ಅಂತ ನನಗೆ ಗೊತ್ತಾಗಿದ್ದು ಮನೆ ಕಟ್ಟಿದ ಮೇಲೆ. ನಗಬಹುದು, ನನ್ನ ಹೆಂಡತಿ ಮಹಾದೇವಿ ಇನ್ನೂ ನಗುತ್ತಾಳೆ. ಇವತ್ತು ಬೆಳಿಗ್ಗೆ ಮಾತ್ರ ನಗಲಿಲ್ಲ. "ಪಿಂಚಣಿ ಕಾಗದಾ ಕೈಗೆ ಬರೂತನಕ ಸುಮ್ಮನಿರ್ರಿ. ನಾಲ್ಕು ಒಳ್ಳೆ ಮಾತಾಡಿ ಬರ್ರಿ," ಅಂದಳು.

ಒಳ್ಳೆಯ ಮಾತನ್ನೇ ಆಡೋಣ. ಸರ್ಕಾರ ರೈತರಿಗಾಗಿ ಎಷ್ಟು ಕಾನೂನು ಮಾಡಿಲ್ಲ? ಉಳುವವನನ್ನು ಒಡೆಯನನ್ನಾಗಿ ಮಾಡಿತು. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಸರ್ಕಾರಿ ಜಾಗವನ್ನು ವರ್ಷಗಟ್ಟಲೆ ಉತ್ತು ಬದುಕಿದ ಬಡವರಿಗೆ ಅದನ್ನೇ ಸಕ್ರಮ ಮಾಡಿಕೊಡುವ ಬಗರ್ ಹುಕುಂ ಕಾನೂನನ್ನೂ ತಂದಿತು. ದೊಡ್ಡ ಮನಸ್ಸಿನ ಕಾನೂನು. ಆದರೆ ಅದರಲ್ಲಿ ಒಂದು ಚಿಕ್ಕ ಸಾಲಿದೆ. ಜಮೀನು ಬೆಂಗಳೂರು ನಗರದ ಎಲ್ಲೆಯಿಂದ ಹದಿನೆಂಟು ಕಿಲೋಮೀಟರಿನ ಒಳಗಿದ್ದರೆ ಕೊಡುವಂತಿಲ್ಲ.

ಬೈರಮ್ಮ ಅಂತ ಒಬ್ಬರು. ಒಂದೆಕರೆ ಹನ್ನೆರಡು ಗುಂಟೆ ಗೋಮಾಳ. ಅತ್ತೆ ಸೊಸೆ ಸೇರಿ ಕಲ್ಲು ಹೆಕ್ಕಿ ರಾಗಿ ಬೆಳೆದ ನೆಲ. ಅವರು ಅರ್ಜಿ ಹಾಕಿದಾಗ ನಗರ ದೂರವಿತ್ತು. ಫೈಲು ನನ್ನ ಮೇಜಿಗೆ ಬರುವಷ್ಟರಲ್ಲಿ ಪಾಲಿಕೆ ಬೃಹತ್ ಆಗಿತ್ತು, ಎಲ್ಲೆ ನಮ್ಮ ಕಡೆಗೆ ಸರಿದಿತ್ತು. ನಾನು ಹೋಗಿ ವಿಷಯ ತಿಳಿಸಿದೆ. ಅವರು ಕಳೆ ಕೀಳುವುದನ್ನು ನಿಲ್ಲಿಸದೆ ಹೇಳಿದರು: "ನಾನೆಲ್ಲಿಗೂ ಓಗಿಲ್ಲ ಸಾಮಿ. ಬೆಂಗ್ಳೂರೇ ನಮ್ಮತ್ರ ಬಂದೈತೆ. ಅದ್ಕೆ ನಂಗ್ಯಾಕೆ ಸಿಕ್ಸೆ?"

ಇದಕ್ಕೆ ಸರ್ವೆ ಕೈಪಿಡಿಯಲ್ಲಿ ಉತ್ತರ ಇದೆಯೇ? ಕಚೇರಿಗೆ ಬಂದು ನಕ್ಷೆಯ ಮೇಲೆ ನಗರದ ಎಲ್ಲೆಯಿಂದ ಆ ನೆಲಕ್ಕೆ ನೇರ ಗೆರೆ ಎಳೆದೆ. ಹದಿನೇಳು ಕಿಲೋಮೀಟರು, ಆರುನೂರು ಮೀಟರು. ಮತ್ತೆ ಎಳೆದೆ. ಮೂರನೇ ಸಲ ಪೆನ್ಸಿಲ್ ಚೂಪು ಮಾಡಿ ಎಳೆದೆ. ನಾನ್ನೂರು ಮೀಟರು ಸಾಲಲಿಲ್ಲ.

ಬಸ್ಸು ಹೋಗುವ ರಸ್ತೆ ಕೆರೆ ಬಳಸಿ ಹೋಗುತ್ತದೆ. ಆ ದಾರಿಯಲ್ಲಿ ಇಪ್ಪತ್ತೊಂದು ಆಗುತ್ತದೆ. ವರದಿಯಲ್ಲಿ ಇಪ್ಪತ್ತೊಂದು ಬರೆದೆ. ನೇರ ಗೆರೆಯಲ್ಲೇ ಅಳೆಯಬೇಕು ಎಂದು ಗೊತ್ತಿದ್ದೂ ಬರೆದೆ. ಬಗರ್ ಹುಕುಂ ಸಮಿತಿ ಒಪ್ಪಿತು. ಮೂರು ವರ್ಷದ ಹಿಂದೆ ಬೈರಮ್ಮನವರಿಗೆ ಆ ನೆಲ ಅವರದೇ ಎನ್ನುವ ಸಾಗುವಳಿ ಚೀಟಿ ಸಿಕ್ಕಿತು.

ಇದನ್ನು ಇವತ್ತು ಹೇಳಬೇಕೆಂದು ಬಂದವನಲ್ಲ ನಾನು. ಆ ಅಳತೆ ತಪ್ಪು, ಮಂಜೂರಾತಿ ರದ್ದಾಗಬೇಕು ಎಂದು ಹೋದ ತಿಂಗಳು ಮೂಗರ್ಜಿ ಬಂದಿದೆ. ಆ ಹೊಲದ ಪಕ್ಕದಲ್ಲಿ ಯಾರೋ ಬಡಾವಣೆ ಮಾಡುತ್ತಿದ್ದಾರೆ, ಆ ನೆಲ ಅವರಿಗೆ ದಾರಿಗೆ ಬೇಕು. ಸೋಮವಾರ ನಮ್ಮ ಶಾಖೆಯ ವನಜಾ ಉಪಗ್ರಹದ ಯಂತ್ರ ಹಿಡಿದು ಮರು ಅಳತೆಗೆ ಹೋಗುತ್ತಾಳೆ. ನಿನ್ನೆ ಬಂದು ಮೆಲ್ಲಗೆ ಕೇಳಿದಳು, "ಸಾರ್, ನಾನೇನ್ ಬರೀಲಿ?" ಅವಳಿಗೆ ಕೆಲಸ ಕಲಿಸಿದವನು ನಾನು. ಟೀ ಕುಡಿದು ಬಾ ಹೋಗಮ್ಮ ಅಂದುಬಿಟ್ಟೆ.

ವನಜಾ, ಈಗ ಹೇಳುತ್ತೇನೆ. ಇದ್ದದ್ದನ್ನೇ ಬರಿ. ನನಗಾಗಿ ಒಂದು ಮೀಟರೂ ಹೆಚ್ಚಿಸಬೇಡ. ಷರಾ ಕಾಲಮ್ಮಿನಲ್ಲಿ ಮಾತ್ರ, ಅರ್ಜಿ ಕೊಟ್ಟ ದಿನ ನಗರದ ಎಲ್ಲೆ ಎಲ್ಲಿತ್ತು ಅನ್ನುವುದನ್ನೂ ಬರಿ. ಅದೂ ನಿಜವೇ. ಸಾಹೇಬರೇ, ತಪ್ಪು ಅಳತೆ ನನ್ನದು, ಆ ತಾಯಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದ ಕಾಗದ ವಾರದಿಂದ ನನ್ನ ಜೇಬಿನಲ್ಲಿದೆ. ಇಗೋ, ನಿಮ್ಮ ಮುಂದೆ ಇಡುತ್ತಿದ್ದೇನೆ. ಪಿಂಚಣಿಯ ವಿಷಯ ನೀವು ತೀರ್ಮಾನಿಸಿದಂತೆ ಆಗಲಿ.

ಬೈರಮ್ಮನವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನನಗೆ ಅಂತ ಅವರೆಕಾಯಿ ತಂದಿದ್ದಾರೆ. ಬೈರಮ್ಮ, ಕಾನೂನೇ ಕೊಟ್ಟಿತು ಅಂತ ನೀವು ನಂಬಿದಿರಿ, ನಾನೂ ನಂಬಲು ಬಿಟ್ಟೆ. ಮೂರು ವರ್ಷ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಈಗ ನಿಮ್ಮ ನಿದ್ದೆಯನ್ನೂ ಕೆಡಿಸಿದೆ. ಸೋಮವಾರ ಯಂತ್ರ ಬರುವ ಮೊದಲೇ ನಾನು ನಿಮ್ಮ ಬದುವಿನ ಮೇಲೆ ಇರುತ್ತೇನೆ. ಮೇಲ್ಮನವಿ ಹಾಕಬೇಕಾದರೆ ಬರೆಯುವ ಕೈ ನನ್ನದು. ಗೆಲ್ಲುತ್ತೇವೋ ಇಲ್ಲವೋ, ಹೇಳಲಾರೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ನಿಮ್ಮ ಉಪಕಾರ. ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು. ಬೈರಮ್ಮ, ಎದ್ದು ಹೋಗಬೇಡಿ, ಕೂತ್ಕೊಳ್ಳಿ. ನೀವೂ ಊಟ ಮಾಡಿ.

ನಮಸ್ಕಾರ.