ಆ ಕಲ್ಲು ಎಲ್ಲಿದೆ ಎಂದು ಹೇಳಲಾರೆ

ಅಧ್ಯಕ್ಷರಾದ ತಿರಕಪ್ಪನವರೇ, ಬೇಡ್ತಿ ಗೆಳೆಯರ ಬಳಗದ ಪದಾಧಿಕಾರಿಗಳೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಈ ಸೆಕೆಗೆ ಎರಡರಲ್ಲಿ ಒಂದು ಸಾಕಿತ್ತು. ಕಲಘಟಗಿಯ ಓಣಿಗಳಲ್ಲಿ ಸುತ್ತಾಡಿ, ಕಂಡದ್ದನ್ನು ಪತ್ರಿಕೆಗೆ ಬರೆದವನಿಗೆ ಇಷ್ಟು ಮರ್ಯಾದೆ ಏಕೆ? ನಾನು ಹುಡುಕಿದ್ದಾದರೂ ಏನು? ಗಟಾರದ ಮೇಲೆ ಹಾಸಿದ್ದ ಕಂಬ, ಎಮ್ಮೆ ಕಟ್ಟುತ್ತಿದ್ದ ಮಾಸ್ತಿಗಲ್ಲು, ಚುನಾವಣೆಯ ಪೋಸ್ಟರಿನ ಕೆಳಗೆ ಅಡಗಿದ್ದ ಕಮಾನು. ನೀವೆಲ್ಲ ದಿನವೂ ನೋಡುತ್ತಿದ್ದಿರಿ; ನಾನು ನಿಂತು ನೋಡಿದೆ, ಅಷ್ಟೆ. ಈಗ ನಿಲ್ಲುವುದೂ ಸಾಕಾಗಿದೆ. ಅದಕ್ಕೆ ಮೊಣಕಾಲು ನೋವೊಂದೇ ಕಾರಣವಲ್ಲ.

ಸಂತೆ ಬಯಲಿನ ವೀರಗಲ್ಲು ನಿಮಗೆ ಗೊತ್ತು. ಅದಕ್ಕೆ ಬೆನ್ನು ಕೊಟ್ಟು ಜಮಾಲಬಿ ಬಳೆ ಮಾರುತ್ತಿದ್ದಳು. ಅವಳಿಗಿಂತ ಮೊದಲು ಅವಳ ತಾಯಿ. ನಾನು ಬರೆದೆ. ಕಲ್ಲಿಗೆ ಎಣ್ಣೆಬಣ್ಣ ಬಂತು, ತಗಡಿನ ಚಾವಣಿ ಬಂತು, ಕಬ್ಬಿಣದ ಬೇಲಿ ಬಂತು, ಫಲಕ ಬಂತು. ಫಲಕದಲ್ಲಿ ಸತ್ತ ವೀರನ ಹೆಸರಿಲ್ಲ. ಉದ್ಘಾಟನೆಗೆ ಬಂದವರ ಹೆಸರೆಲ್ಲ ಇವೆ. ನನ್ನದೂ ಇದೆ. ಬೇಲಿಯ ಹೊರಗೆ ಬಿಸಿಲಿಗೆ ಬಿದ್ದ ಜಮಾಲಬಿ ಒಂದು ದಿನ ನನ್ನನ್ನು ತಡೆದು ಕೇಳಿದಳು: “ಕಲ್ಲಿಗೆ ನೆರಳ ಮಾಡಿದ್ರಿ, ಚಲೋ ಆತು. ಬರಿಯೂಮುಂದ ನಾ ಕಾಣಲಿಲ್ಲೇನ್ರಿ ಸರ?”

ಇರಲಿ. ನಾನು ಹೊಸದಾಗಿ ಕಂಡ ಶಾಸನ ಎಲ್ಲಿದೆ ಎಂಬುದನ್ನು ಈ ವೇದಿಕೆಯಲ್ಲೇ ಹೇಳುತ್ತೇನೆ ಎಂದು ಅಧ್ಯಕ್ಷರು ಈಗಷ್ಟೇ ಘೋಷಿಸಿದರು. ನಾಳೆಯೇ ಕಲ್ಲನ್ನು ಎತ್ತಿಸಿ ಬಳಗದ ಕಚೇರಿಯ ಮುಂದೆ ನಿಲ್ಲಿಸುತ್ತಾರಂತೆ. ಅವರ ಉತ್ಸಾಹ ದೊಡ್ಡದು. ಆದರೆ ನಾನು ಹೇಳಲಾರೆ.

ಶಾಸನ ಇರುವುದು ನಿಜ. ದಣಿದು ಒಂದು ಮನೆಯ ಮೆಟ್ಟಿಲ ಮೇಲೆ ಕುಳಿತಾಗ, ಗೋಡೆಯಡಿಗೆ ಚಾಚಿದ್ದ ಆ ಮೆಟ್ಟಿಲ ಕಲ್ಲಿನಲ್ಲೇ ಕೈಗೆ ಅಕ್ಷರಗಳು ತಗುಲಿದವು. ಹಳಗನ್ನಡ, ಮೇಲೆ ಹಸು, ಕರು. ದಾರಿಹೋಕರಿಗೆ ನೀರಿಡಲು ಯಾರೋ ಬಿಟ್ಟ ಭೂಮಿಯ ಮಾತು. ಮೊಬೈಲು ತೆಗೆದೆ. ಮನೆಯ ಅಜ್ಜಿ ಒಳಗಿನಿಂದಲೇ ಫೋಟೋ ಯಾರದು ಎಂದು ಕೇಳಿದಳು. ಕಲ್ಲಿನದು ಎಂದೆ.

“ಹಂಗಾರ ಬ್ಯಾಡ. ಇಡೀ ಗ್ವಾಡಿ ಅದರ ಮ್ಯಾಲ ನಿಂತೈತಿ. ಕಲ್ಲ ಒಯ್ಯಾವ್ರು ನನ್ನ ಎಲ್ಲಿ ಇಡತಾರ, ಅದನ್ನ ಕೇಳಿ ಬಾ ಮೊದಲ.”

ಕೇಳುತ್ತಿದ್ದೇನೆ, ಸಭಿಕರೇ. ಎಲ್ಲಿ ಇಡುತ್ತೀರಿ? ಅವಳಿಗೆ ಬೇರೆ ಮನೆಯಿಲ್ಲ. ಮಣ್ಣಿನ ಗೋಡೆ, ಬುಡ ಅಲುಗಿದರೆ ನಿಲ್ಲುವುದಿಲ್ಲ. ಅಂದು ಫೋಟೋ ತೆಗೆಯದೆ ಮೊಬೈಲು ಜೇಬಿಗಿಟ್ಟೆ. ಅವಳು ಕೊಟ್ಟ ಚಹಾ ಕುಡಿದು, ಪಕ್ಕದ ಮನೆಯವರು ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚುವುದನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದೆ.

ಏಕೆ ಈ ಗುಸುಗುಸು?

ಹೌದು. ತೊಟ್ಟಿಲು ಮಾಡುವ ಮನೆಗಳು ಊರಿನಲ್ಲಿ ಎಲ್ಲೆಲ್ಲಿ ಉಳಿದಿವೆ ಎಂದು ನಿಮಗೆ ಗೊತ್ತು. ಆ ಮಾತು ಆಡಬಾರದಿತ್ತು. ವರದಿಗಾರನ ಚಾಳಿ, ವಿವರ ಬಿಡಲಾಗುವುದಿಲ್ಲ. ಹಿಂದಿನ ಸಾಲಿನವರೇ, ಎಲ್ಲಿಗೆ ಎದ್ದಿರಿ? ಊಟಕ್ಕಾದರೆ ಹೋಗಿ ಬನ್ನಿ.

ಅಲ್ಲಿಗಾದರೆ, ನಾನೂ ಹೊರಟೆ. ಇಂದಿನಿಂದ ಆ ಮೆಟ್ಟಿಲ ಮೇಲೆ ನಾನು ಕುಳಿತಿರುತ್ತೇನೆ. ಕಲ್ಲು ಎತ್ತುವವರು ಮೊದಲು ನನ್ನನ್ನು ಎತ್ತಬೇಕು. ನನ್ನ ತೂಕವೂ ಕಡಿಮೆಯಿಲ್ಲ. ಅಧ್ಯಕ್ಷರು ಕ್ಷಮಿಸಬೇಕು, ಫಲತಾಂಬೂಲಕ್ಕೆ ನಿಲ್ಲಲು ಹೊತ್ತಿಲ್ಲ. ಕರೆದು ಗೌರವಿಸಿದ್ದಕ್ಕೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.